ಪತ್ರಿಕೆಯ ಉಚಿತ ಫ್ಲಾಪಿಗೆ ತಂತ್ರಾಂಶ ಹಿಡಿಸುವುದು: ಯಾವ ದಾರಿ ಯಾವಾಗ ಸರಿ?

1980ರ ದಶಕದ ಕೊನೆಯಿಂದ 1990ರ ದಶಕದ ನಡುವಿನವರೆಗೆ ಬ್ರಿಟನ್ನಿನ ಕಂಪ್ಯೂಟರ್ ಪತ್ರಿಕೆಗಳಲ್ಲಿ ಹಲವು ಮುಖಪುಟಕ್ಕೆ ಒಂದು ಫ್ಲಾಪಿಯನ್ನು ಅಂಟಿಸಿಕೊಂಡೇ ಅಂಗಡಿಗೆ ಬರುತ್ತಿದ್ದವು. ಅಮಿಗಾ ಫಾರ್ಮ್ಯಾಟ್, ಎಸ್‌ಟಿ ಫಾರ್ಮ್ಯಾಟ್, ಸಿಯು ಅಮಿಗಾ, ಪಿಸಿ ಪ್ಲಸ್, ಪಿಸಿ ಫಾರ್ಮ್ಯಾಟ್ ಮೊದಲಾದ ಪತ್ರಿಕೆಗಳನ್ನು ಓದುಗರು ಲೇಖನಗಳಿಗಾಗಿ ಎಷ್ಟು ಕೊಳ್ಳುತ್ತಿದ್ದರೋ ಆ ಡಿಸ್ಕ್‌ಗಾಗಿಯೂ ಅಷ್ಟೇ ಕೊಳ್ಳುತ್ತಿದ್ದರು. (ಅಮಿಗಾ ಮತ್ತು ಅಟಾರಿ ಎಸ್‌ಟಿ ಆ ಕಾಲದ ಮನೆಬಳಕೆಯ ಕಂಪ್ಯೂಟರ್‌ಗಳು.) ಒಂದು ಆಟದ ಮಾದರಿ, ಒಂದೆರಡು ಉಪಯುಕ್ತ ಪ್ರೋಗ್ರಾಂ, ಒಂದಿಷ್ಟು ಅಕ್ಷರವಿನ್ಯಾಸ, ಚಿತ್ರ, ಸಂಗೀತ, ಇವೆಲ್ಲವೂ ಒಂದೇ ಡಿಸ್ಕ್‌ನಲ್ಲಿ ಹಿಡಿಯಬೇಕಾಗಿತ್ತು. ಆ ಡಿಸ್ಕ್ ಸಿದ್ಧಪಡಿಸುವ ಸಂಪಾದಕರ ಮುಂದೆ ಇದ್ದ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಈ ಬರಹದ ಉದ್ದೇಶ. ಹಳೆಯ ಯಂತ್ರಗಳನ್ನು ಇಂದಿಗೂ ಓಡಿಸುತ್ತಿರುವವರಿಗೆ, ಅಂಥವರಿಗೆ ಹಂಚಲು ಫ್ಲಾಪಿ ಸಿದ್ಧಪಡಿಸುವವರಿಗೆ ಈ ಹೋಲಿಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ವಿಧಾನ ಅತಿ ಹೆಚ್ಚು ಕುಗ್ಗಿಸುತ್ತದೆ ಎಂಬುದನ್ನು ಅಳತೆಗೋಲು ಮಾಡಿಕೊಳ್ಳಬಾರದು. ಓದುಗರ ಪೈಕಿ ಅತ್ಯಂತ ಬಡ ಯಂತ್ರ ಇರುವವರ ಮನೆಯಲ್ಲಿ, ಒಂದೇ ಡ್ರೈವ್ ಇದ್ದು ಹಾರ್ಡ್ ಡಿಸ್ಕ್ ಇಲ್ಲದ ಕಡೆಯಲ್ಲಿ, ಯಾವುದು ತೊಂದರೆ ಕೊಡದೆ ಬಿಚ್ಚಿಕೊಳ್ಳುತ್ತದೆ ಎಂಬುದೇ ಅಳತೆಗೋಲಾಗಬೇಕು. ನಮ್ಮ ಮೇಜಿನ ಮೇಲಿನ ಒಂದು ಸಣ್ಣ ತಪ್ಪು ಅಚ್ಚಾದ ಪ್ರತಿಗಳಷ್ಟೇ ಮನೆಗಳಿಗೆ ಹೋಗಿ ಸೇರುತ್ತದೆ, ಹೋದ ಮೇಲೆ ತಿದ್ದಲು ಬರುವುದಿಲ್ಲ.

ಜಾಗದ ಲೆಕ್ಕ

ಪಿಸಿಯ ಮೂರೂವರೆ ಇಂಚಿನ ಹೈ ಡೆನ್ಸಿಟಿ ಫ್ಲಾಪಿಯಲ್ಲಿ ಬದಿಗೆ 80 ಟ್ರ್ಯಾಕ್‌ಗಳಂತೆ (ಟ್ರ್ಯಾಕ್ ಎಂದರೆ ಡಿಸ್ಕ್ ಮೇಲಿನ ಒಂದು ವೃತ್ತ, ಸೆಕ್ಟರ್ ಎಂದರೆ ಆ ವೃತ್ತದ ಒಂದು ತುಂಡು) ಎರಡು ಬದಿ, ಟ್ರ್ಯಾಕ್‌ಗೆ 18 ಸೆಕ್ಟರ್, ಸೆಕ್ಟರ್‌ಗೆ 512 ಬೈಟ್, ಒಟ್ಟು 14,74,560 ಬೈಟ್ ಇರುತ್ತವೆ. ಇದರಲ್ಲಿ ಬೂಟ್ ಸೆಕ್ಟರ್, ಯಾವ ಕಡತ ಎಲ್ಲಿದೆ ಎಂದು ಬರೆದಿಡುವ ಫ್ಯಾಟ್ ಕೋಷ್ಟಕದ ಎರಡು ಪ್ರತಿಗಳು ಮತ್ತು ಮೂಲ ಡೈರೆಕ್ಟರಿ ಸೇರಿ 33 ಸೆಕ್ಟರ್‌ಗಳನ್ನು ಆಗಿನ ಪಿಸಿಯ ಕಾರ್ಯಾಚರಣ ವ್ಯವಸ್ಥೆ ಡಾಸ್ ತನಗೇ ಇಟ್ಟುಕೊಳ್ಳುವುದರಿಂದ ನಮ್ಮ ಕೈಗೆ ಸಿಗುವುದು 14,57,664 ಬೈಟ್. ಹಳೆಯ 720 ಕೆಬಿ ಡಿಸ್ಕ್‌ನಲ್ಲಿ ಸಿಗುವುದು 7,30,112 ಬೈಟ್. ಬಹಳ ಜನ ಗಮನಿಸದ ಇನ್ನೊಂದು ಸಂಗತಿಯೂ ಇಲ್ಲಿದೆ. ಡಾಸ್ ಪ್ರತಿ ಕಡತಕ್ಕೂ ಜಾಗವನ್ನು ಇಡೀ ಕ್ಲಸ್ಟರ್‌ಗಳ ಲೆಕ್ಕದಲ್ಲಿಯೇ ಕೊಡುತ್ತದೆ. 1.44 ಎಂಬಿ ಡಿಸ್ಕ್‌ನಲ್ಲಿ ಕ್ಲಸ್ಟರ್ ಎಂದರೆ 512 ಬೈಟ್, 720 ಕೆಬಿ ಡಿಸ್ಕ್‌ನಲ್ಲಿ 1,024 ಬೈಟ್. ಆದ್ದರಿಂದ ನೂರು ಸಣ್ಣ ಕಡತಗಳನ್ನು ಬಿಡಿಬಿಡಿಯಾಗಿ ಹಾಕಿದರೆ ಸರಾಸರಿ ಅರ್ಧ ಕ್ಲಸ್ಟರ್‌ನಂತೆ ಮೊದಲನೆಯದರಲ್ಲಿ 25 ಕೆಬಿ, ಎರಡನೆಯದರಲ್ಲಿ 50 ಕೆಬಿ ಸುಮ್ಮನೆ ಪೋಲಾಗುತ್ತದೆ. ಅವನ್ನು ಕುಗ್ಗಿಸದೆ ಒಂದೇ ಕಟ್ಟಾಗಿ ಕಟ್ಟಿದರೂ ಅದರಲ್ಲಿ ಹೆಚ್ಚಿನ ಪಾಲು ಉಳಿಯುತ್ತದೆ.

ಡಿಸ್ಕ್ ಅನ್ನೇ ಹಿಗ್ಗಿಸುವುದೋ, ಒಳಗಿನದನ್ನು ಕುಗ್ಗಿಸುವುದೋ?

ಜಾಗ ಸಾಲದಾದಾಗ ಮೊದಲು ಬರುವ ಆಸೆ ಡಿಸ್ಕ್‌ನ ಫಾರ್ಮ್ಯಾಟ್ ಬದಲಾಯಿಸುವುದು. ಸೆಕ್ಟರ್‌ಗಳ ನಡುವೆ ಬಿಟ್ಟಿರುವ ಖಾಲಿ ಅಂತರವನ್ನು ಕಿರಿದು ಮಾಡಿದರೆ ಟ್ರ್ಯಾಕ್‌ಗೆ 18ರ ಬದಲು 21 ಸೆಕ್ಟರ್ ಕೂರಿಸಬಹುದು. ಆಗ ಡಿಸ್ಕ್‌ನ ಗಾತ್ರ 17,20,320 ಬೈಟ್ ಆಗುತ್ತದೆ, ಅಂದರೆ ಸರಿಯಾಗಿ 240 ಕೆಬಿ ಲಾಭ. ಮೈಕ್ರೋಸಾಫ್ಟ್ ತನ್ನ ತಂತ್ರಾಂಶಗಳ ವಿತರಣೆಗೆ ಬಳಸಿದ ಡಿಎಂಎಫ್ ಎಂಬ ಫಾರ್ಮ್ಯಾಟ್ ಇದೇ. ವಿಂಡೋಸ್ 95ರ ಫ್ಲಾಪಿ ಆವೃತ್ತಿ 13 ಡಿಸ್ಕ್‌ಗಳಲ್ಲಿ ಬಂದಾಗ ಮೊದಲ ಡಿಸ್ಕ್ ಅನ್ನು ಸಾಧಾರಣ 1.44 ಎಂಬಿಯಲ್ಲಿಯೇ ಇಟ್ಟು, ಉಳಿದವನ್ನು ಡಿಎಂಎಫ್‌ನಲ್ಲಿ ಮಾಡಿದ್ದರು. ಇಕ್ಕಟ್ಟಿನ ಫಾರ್ಮ್ಯಾಟ್ ಬಳಸುವವರು ಈ ಎಚ್ಚರವನ್ನು ಕಲಿಯಬೇಕು: ಮೊದಲ ಹೆಜ್ಜೆ ಎಲ್ಲ ಯಂತ್ರದಲ್ಲೂ ಇಡಲು ಬರುವಂತಿರಬೇಕು.

ಇದಕ್ಕಿಂತ ಮುಂದೆ ಹೋದವರೂ ಇದ್ದರು. 80ರ ಬದಲು 82 ಟ್ರ್ಯಾಕ್ ಬಳಸಿ, ಟ್ರ್ಯಾಕ್‌ಗೆ 21 ಸೆಕ್ಟರ್ ಇಟ್ಟರೆ 17,63,328 ಬೈಟ್, ಅಂದರೆ 1,722 ಕೆಬಿ ಸಿಗುತ್ತದೆ. ಒಂದೇ ಫ್ಲಾಪಿಯಿಂದ ಲಿನಕ್ಸ್ ಓಡಿಸುವ ಟಾಮ್ಸ್‌ಆರ್‌ಟಿಬಿಟಿ ಈ ಗಾತ್ರವನ್ನೇ ಬಳಸಿತು. ಅಲ್ಲಿ ಅದು ಸರಿ, ಏಕೆಂದರೆ ಬಳಸುವವರು ಆ ಡಿಸ್ಕ್ ಅನ್ನು ತಮ್ಮ ಯಂತ್ರದಲ್ಲಿಯೇ ತಯಾರಿಸಿಕೊಳ್ಳುತ್ತಿದ್ದರು. ಡ್ರೈವ್‌ಗೆ 82ನೆಯ ಟ್ರ್ಯಾಕ್ ತಲುಪಲು ಆಗದಿದ್ದರೆ ಅದು ಆಗಲೇ ಗೊತ್ತಾಗುತ್ತಿತ್ತು. ಪತ್ರಿಕೆಯ ಡಿಸ್ಕ್ ಹಾಗಲ್ಲ. ಅದನ್ನು ಬರೆಯುವ ಯಂತ್ರ ಒಂದು, ಓದುವ ಡ್ರೈವ್‌ಗಳು ಸಾವಿರಾರು, ಅವುಗಳಲ್ಲಿ ಕೆಲವು ಹೆಡ್ ಸವೆದವು, ಕೆಲವು ಜೋಡಣೆ ತಪ್ಪಿದವು. ಅಂತರ ಕಿರಿದಾದಷ್ಟೂ ಅಂಥ ಡ್ರೈವ್‌ಗಳು ಎಡವುತ್ತವೆ. ಡಿಎಂಎಫ್ ಡಿಸ್ಕ್‌ನ ಪ್ರತಿಯನ್ನು ಡಾಸ್‌ನ ಡಿಸ್ಕ್‌ಕಾಪಿಯಿಂದ ತೆಗೆಯಲೂ ಬರುತ್ತಿರಲಿಲ್ಲ. ಓದುಗರಿಗೆ ಮೊದಲು ಹೇಳಬೇಕಾದ ಬುದ್ಧಿಮಾತೇ ಪ್ರತಿ ತೆಗೆದಿಟ್ಟುಕೊಳ್ಳಿ ಎಂಬುದಾಗಿರುವಾಗ ಇದು ಚಿಕ್ಕ ಕೊರತೆಯಲ್ಲ.

ಈ ವಿಷಯದಲ್ಲಿ ನನ್ನ ಅನುಭವವೂ ಇದೆ. ಕೆಲವು ವರ್ಷಗಳ ಹಿಂದೆ ಹಳೆಯ ಕಂಪ್ಯೂಟರ್ ಪ್ರಿಯರ ಒಂದು ಸಣ್ಣ ಕೂಟಕ್ಕೆಂದು ನಲವತ್ತು ಫ್ಲಾಪಿಗಳನ್ನು 21 ಸೆಕ್ಟರ್‌ನ ಫಾರ್ಮ್ಯಾಟ್‌ನಲ್ಲಿ ಸಿದ್ಧಪಡಿಸಿದ್ದೆ. ನನ್ನ 486 ಯಂತ್ರದಲ್ಲಿ (286, 386, 486 ಎಂಬವು ಒಂದಕ್ಕಿಂತ ಒಂದು ಹೊಸ ಪಿಸಿ ಪ್ರೊಸೆಸರ್‌ಗಳು) ಪ್ರತಿಯೊಂದನ್ನೂ ಓದಿ ನೋಡಿದ್ದೆ. ಕೂಟಕ್ಕೆ ಬಂದವರಲ್ಲಿ ಅನೇಕರು ಲ್ಯಾಪ್‌ಟಾಪ್‌ಗೆ ಚುಚ್ಚುವ ಯುಎಸ್‌ಬಿ ಫ್ಲಾಪಿ ಡ್ರೈವ್ ತಂದಿದ್ದರು, ಅವುಗಳಲ್ಲಿ ಒಂದರಲ್ಲೂ ಡಿಸ್ಕ್ ತೆರೆಯಲಿಲ್ಲ. ಡ್ರೈವ್ ಮೂರು ಬಾರಿ ಕರಕರ ಎಂದು ಹೆಡ್ ಹಿಂದಕ್ಕೆಳೆದು, ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಮಾಡಲೇ ಎಂದು ಕೇಳುತ್ತಿತ್ತು. ಇಬ್ಬರು ಒಪ್ಪಿಗೆ ಕೊಟ್ಟು ಇದ್ದದ್ದನ್ನೂ ಅಳಿಸಿಕೊಂಡರು. ಯುಎಸ್‌ಬಿ ಡ್ರೈವ್‌ಗಳಲ್ಲಿ ಹೆಚ್ಚಿನವು 720 ಕೆಬಿ ಮತ್ತು 1.44 ಎಂಬಿ ಬಿಟ್ಟು ಬೇರೆ ಜೋಡಣೆಯನ್ನು ಗುರುತಿಸುವುದಿಲ್ಲ. ಅಂದಿನಿಂದ ಹಂಚುವ ಡಿಸ್ಕ್ ಯಾವುದೇ ಇರಲಿ, ಸಾಧಾರಣ ಫಾರ್ಮ್ಯಾಟ್‌ನಿಂದ ನಾನು ಕದಲುವುದಿಲ್ಲ. ಕುಗ್ಗಿಸುವ ಕೆಲಸವೆಲ್ಲ ಕಡತಗಳ ಮಟ್ಟದಲ್ಲಿಯೇ ಆಗಲಿ.

ಅಮಿಗಾ ಮತ್ತು ಎಸ್‌ಟಿ

ಅಮಿಗಾದ ಕಥೆ ಬೇರೆ. ಅದು ಟ್ರ್ಯಾಕ್ ಅನ್ನು ಇಡಿಯಾಗಿ ಒಮ್ಮೆಗೇ ಓದಿ ಬರೆಯುವುದರಿಂದ ಸೆಕ್ಟರ್‌ಗಳ ನಡುವೆ ಅಂತರವೇ ಬೇಕಿರಲಿಲ್ಲ. ಹಾಗಾಗಿ ಪಿಸಿಯಲ್ಲಿ 720 ಕೆಬಿ ಹಿಡಿಯುವ ಅದೇ ಡಬಲ್ ಡೆನ್ಸಿಟಿ ಡಿಸ್ಕ್‌ನಲ್ಲಿ ಅಮಿಗಾ ಟ್ರ್ಯಾಕ್‌ಗೆ 11 ಸೆಕ್ಟರ್‌ನಂತೆ 9,01,120 ಬೈಟ್, ಅಂದರೆ 880 ಕೆಬಿ ಹಿಡಿಸುತ್ತಿತ್ತು. ಆದರೆ ಇದರಲ್ಲೂ ಒಂದು ಆಯ್ಕೆ ಇತ್ತು. ಅಮಿಗಾದ ಹಳೆಯ ಕಡತ ವ್ಯವಸ್ಥೆ ಪ್ರತಿ 512 ಬೈಟ್ ಬ್ಲಾಕ್‌ನಲ್ಲಿ 24 ಬೈಟ್‌ಗಳನ್ನು ತನ್ನ ಲೆಕ್ಕಪತ್ರಕ್ಕೆ ತೆಗೆದುಕೊಂಡು 488 ಬೈಟ್ ಮಾತ್ರ ಕೊಡುತ್ತಿತ್ತು. ಹೊಸ ಫಾಸ್ಟ್ ಫೈಲ್ ಸಿಸ್ಟಂ 512 ಬೈಟ್‌ಗಳನ್ನೂ ಕೊಡುತ್ತಿತ್ತು. ಇಡೀ ಡಿಸ್ಕ್‌ಗೆ ಲೆಕ್ಕ ಹಾಕಿದರೆ ಸುಮಾರು 40 ಕೆಬಿ ವ್ಯತ್ಯಾಸ. ಆ 40 ಕೆಬಿಯಲ್ಲಿ ಒಂದು ಒಳ್ಳೆಯ ಪ್ರೋಗ್ರಾಂ ಕೂರಬಹುದಿತ್ತಾದರೂ, ಕಿಕ್‌ಸ್ಟಾರ್ಟ್ (ಯಂತ್ರದೊಳಗೇ ಇರುವ ಆರಂಭದ ತಂತ್ರಾಂಶ) 1.3 ಇದ್ದ ಅಮಿಗಾ 500 ಯಂತ್ರಗಳು ಹೊಸ ವ್ಯವಸ್ಥೆಯ ಫ್ಲಾಪಿಯಿಂದ ಬೂಟ್ ಆಗುತ್ತಿರಲಿಲ್ಲ, ಓದುಗರಲ್ಲಿ ಬಹುಪಾಲು ಮಂದಿಯ ಬಳಿ ಇದ್ದದ್ದು ಅದೇ ಯಂತ್ರ. ಇಲ್ಲಿ ಹಳೆಯ ವ್ಯವಸ್ಥೆಯೇ ಸರಿಯಾದ ಆಯ್ಕೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಕುಗ್ಗಿಸುವ ಪ್ರೋಗ್ರಾಂಗಳಲ್ಲಿ ಇಂಪ್ಲೋಡರ್ ಮತ್ತು ಬೆಲ್ಜಿಯಂನ ನಿಕೊ ಫ್ರಾನ್ಸ್ವಾ ಅವರ ಪವರ್‌ಪ್ಯಾಕರ್ ಹೆಸರುವಾಸಿಯಾಗಿದ್ದವು. ಇವು ಪ್ರೋಗ್ರಾಂ ಅನ್ನು ಕುಗ್ಗಿಸಿ, ಅದರ ತಲೆಗೆ ಬಿಚ್ಚುವ ತುಣುಕನ್ನು ಸೇರಿಸುತ್ತಿದ್ದವು. ಓದುಗರು ಐಕಾನ್ ಒತ್ತಿದರೆ ಸಾಕು, ತೆರೆಯ ಮೇಲೆ ಬಣ್ಣದ ಪಟ್ಟಿಗಳು ಒಂದೆರಡು ಕ್ಷಣ ಮಿನುಗಿ ಪ್ರೋಗ್ರಾಂ ತಾನೇ ಶುರುವಾಗುತ್ತಿತ್ತು. ಆ ಮಿನುಗು ಅಲಂಕಾರಕ್ಕಷ್ಟೇ ಇದ್ದದ್ದಲ್ಲ, ಯಂತ್ರ ನಿಂತಿಲ್ಲ, ಬಿಚ್ಚುತ್ತಿದೆ ಎಂಬ ಭರವಸೆ ಅದರಲ್ಲಿತ್ತು. ಇಲ್ಲಿ ನೋಡಬೇಕಾದ ಸಂಗತಿ ನೆನಪಿನ ಗಾತ್ರ. ಬಿಚ್ಚುವಾಗ ಕುಗ್ಗಿದ ರೂಪವೂ ಬಿಚ್ಚಿದ ರೂಪವೂ ಒಟ್ಟಿಗೆ ಮೆಮೊರಿಯಲ್ಲಿ ಇರಬೇಕಾದರೆ, 512 ಕೆಬಿಯ ಯಂತ್ರದಲ್ಲಿ 300 ಕೆಬಿಯ ಆಟವೂ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ದೊಡ್ಡ ಪ್ರೋಗ್ರಾಂ ಆದರೆ ಇದ್ದ ಜಾಗದಲ್ಲಿಯೇ ಬಿಚ್ಚಿಕೊಳ್ಳುವಂತೆ ಕುಗ್ಗಿಸುವ ಸಾಧನ (ಕ್ರಂಚರ್) ಬೇಕು, ಸಣ್ಣ ಉಪಕರಣಗಳಾದರೆ ಯಾವುದಾದರೂ ಸರಿ.

ಇಡೀ ಡಿಸ್ಕ್‌ನ ಚಿತ್ರವನ್ನು ಟ್ರ್ಯಾಕ್ ಟ್ರ್ಯಾಕಾಗಿ ಕುಗ್ಗಿಸುವ ಡಿಎಂಎಸ್ ಇನ್ನೊಂದು ದಾರಿ. ಮೋಡೆಮ್ ಮೂಲಕ ಡಿಸ್ಕ್‌ಗಳನ್ನು ಕಳಿಸಲು ಅದು ಅತ್ಯುತ್ತಮ. ಮುಖಪುಟದ ಡಿಸ್ಕ್‌ಗಾದರೆ ಓದುಗರು ಒಂದು ಖಾಲಿ ಡಿಸ್ಕ್ ಸಿದ್ಧವಿಟ್ಟುಕೊಂಡು ಅದಕ್ಕೆ ಬಿಚ್ಚಿಕೊಳ್ಳಬೇಕು. 512 ಕೆಬಿ ಮೆಮೊರಿ, ಒಂದೇ ಡ್ರೈವ್ ಇರುವಲ್ಲಿ 880 ಕೆಬಿ ಒಮ್ಮೆಗೇ ಸಾಗದ ಕಾರಣ ಡಿಸ್ಕ್ ತೆಗೆ, ಇನ್ನೊಂದು ಹಾಕು ಎಂಬ ಆಟ ಹಲವು ಬಾರಿ ನಡೆಯುತ್ತದೆ. ಕೈತಪ್ಪಿ ಮೂಲ ಡಿಸ್ಕ್ ಮೇಲೆಯೇ ಬರೆದುಬಿಡುವ ಅಪಾಯವೂ ಇರುತ್ತದೆ. ತಾನೇ ಬೂಟ್ ಆಗುವ, ಕಡತ ವ್ಯವಸ್ಥೆಯನ್ನೇ ಬಳಸದ ಆಟವನ್ನು ಇನ್ನೊಂದರ ಜೊತೆ ಹಂಚಬೇಕಾದಾಗ ಮಾತ್ರ ಇದನ್ನು ಆರಿಸಬೇಕು.

ಅಟಾರಿ ಎಸ್‌ಟಿಯ ಡಿಸ್ಕ್ ಹೆಚ್ಚುಕಡಿಮೆ ಪಿಸಿಯ 720 ಕೆಬಿ ಡಿಸ್ಕ್‌ನಂತೆಯೇ. ಅಲ್ಲಿ ಟ್ರ್ಯಾಕ್‌ಗೆ 9ರ ಬದಲು 10 ಸೆಕ್ಟರ್ ಇಡುವುದು ರೂಢಿಯಲ್ಲಿತ್ತು, ಅದು ಸಾಕಷ್ಟು ಸುರಕ್ಷಿತವೂ ಆಗಿತ್ತು; 11ಕ್ಕೆ ಹೋಗುವುದು ಪತ್ರಿಕೆಗೆ ತಕ್ಕದ್ದಲ್ಲ. 1988ರಲ್ಲಿ ಶುರುವಾದ ಎಸ್‌ಟಿ/ಅಮಿಗಾ ಫಾರ್ಮ್ಯಾಟ್ ಪತ್ರಿಕೆಯದು ಇವೆರಡಕ್ಕಿಂತ ಬೇರೆಯೇ ಸಾಹಸ: ಒಂದೇ ಡಿಸ್ಕ್ ಎರಡೂ ಯಂತ್ರಗಳಲ್ಲಿ ತೆರೆಯುತ್ತಿತ್ತು. ಬುದ್ಧಿವಂತಿಕೆಯ ಕೆಲಸವೇ, ಆದರೆ ಪ್ರತಿ ಓದುಗರಿಗೂ ಡಿಸ್ಕ್‌ನ ಒಂದು ಪಾಲು ಮಾತ್ರ ದಕ್ಕುತ್ತಿತ್ತು. 1989ರಲ್ಲಿ ಆ ಪತ್ರಿಕೆ ಅಮಿಗಾ ಫಾರ್ಮ್ಯಾಟ್, ಎಸ್‌ಟಿ ಫಾರ್ಮ್ಯಾಟ್ ಎಂದು ಇಬ್ಭಾಗವಾದ ಮೇಲೆ ಎರಡೂ ಕಡೆಯವರಿಗೆ ಇಡೀ ಡಿಸ್ಕ್ ಸಿಕ್ಕಿತು.

ಪಿಸಿಯಲ್ಲಿ: ಕಟ್ಟೋ, ಕುಗ್ಗಿದ ಪ್ರೋಗ್ರಾಮೋ?

ಪಿಸಿಯಲ್ಲಿ ಎರಡು ಬಗೆಯ ಕುಗ್ಗಿಸುವಿಕೆ ಇತ್ತು. ಒಂದು, ಪ್ರೋಗ್ರಾಂ ಕಡತವನ್ನೇ ಕುಗ್ಗಿಸಿ, ಓಡಿಸಿದಾಗ ಮೆಮೊರಿಯಲ್ಲಿ ತಾನೇ ಬಿಚ್ಚಿಕೊಳ್ಳುವಂತೆ ಮಾಡುವುದು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಅವರ ಎಲ್‌ಜೆಡ್‌ಎಕ್ಸ್‌ಇ, ಪಿಕೆವೇರ್‌ನ ಪಿಕೆಲೈಟ್, ಜಪಾನಿನಿಂದ ಬಂದ ಡಯಟ್ ಈ ಬಗೆಯವು. ಇನ್ನೊಂದು, ಎಲ್ಲ ಕಡತಗಳನ್ನೂ ಒಂದು ಕಟ್ಟಾಗಿಸಿ, ಓದುಗರು ಹಾರ್ಡ್ ಡಿಸ್ಕ್‌ಗೆ ಬಿಚ್ಚಿಕೊಳ್ಳುವಂತೆ ಕೊಡುವುದು.

ಹಾರ್ಡ್ ಡಿಸ್ಕ್ ಇಲ್ಲದ ಓದುಗರಿಗೆ ಮೊದಲ ದಾರಿಯೇ ಗತಿ, ಅದಕ್ಕೊಂದು ಹೆಚ್ಚಿನ ಲಾಭವೂ ಇದೆ. 1.44 ಎಂಬಿ ಡ್ರೈವ್ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಐದು ಸುತ್ತು. ಸುತ್ತಿಗೆ 9,216 ಬೈಟ್‌ನಂತೆ ಎಷ್ಟೇ ಚುರುಕಾಗಿ ಓದಿದರೂ ಸೆಕೆಂಡಿಗೆ 45 ಕೆಬಿ ದಾಟುವುದಿಲ್ಲ. 400 ಕೆಬಿಯ ಪ್ರೋಗ್ರಾಂ 200 ಕೆಬಿಗೆ ಇಳಿದರೆ ಓದುವ ಸಮಯದಲ್ಲಿ ನಾಲ್ಕು ಸೆಕೆಂಡಿಗೂ ಮಿಕ್ಕಿ ಉಳಿಯುತ್ತದೆ, ಬಿಚ್ಚಲು 386 ಯಂತ್ರಕ್ಕೆ ಅಷ್ಟು ಹೊತ್ತು ಬೇಡ. ಆದರೆ ತಮ್ಮದೇ ಕಡತದ ಕೊನೆಯಲ್ಲಿ ದತ್ತಾಂಶ ಇಟ್ಟುಕೊಂಡು ಓದುವ, ಅಥವಾ ತಮ್ಮ ಗಾತ್ರವನ್ನು ತಾವೇ ಪರೀಕ್ಷಿಸಿಕೊಳ್ಳುವ ಪ್ರೋಗ್ರಾಂಗಳು ಹೀಗೆ ಕುಗ್ಗಿಸಿದರೆ ಕೆಡುತ್ತವೆ. ಡಾಸ್‌ಗೆಂದು ಮಾಡಿದ ಈ ಸಾಧನಗಳು ವಿಂಡೋಸ್ ಪ್ರೋಗ್ರಾಂಗಳಿಗೆ ಹೊಂದುವುದಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ, ಕುಗ್ಗುವ ಮೊದಲೇ ಸೇರಿಕೊಂಡ ವೈರಸ್ ಕುಗ್ಗಿದ ಪ್ರೋಗ್ರಾಮಿನೊಳಗೆ ಅವಿತಿದ್ದರೆ ಅಂದಿನ ಅನೇಕ ವೈರಸ್ ಪರೀಕ್ಷಕಗಳಿಗೆ ಅದು ಕಾಣುತ್ತಿರಲಿಲ್ಲ. ಲೇಖಕರಿಂದ ಬಂದ ಪ್ರೋಗ್ರಾಂ ಅನ್ನು ಮೊದಲು ಪರೀಕ್ಷಿಸಿ ಆಮೇಲೆ ಕುಗ್ಗಿಸಬೇಕೇ ಹೊರತು ಕುಗ್ಗಿದ್ದನ್ನು ಪರೀಕ್ಷಿಸಿ ನೆಮ್ಮದಿಪಡುವಂತಿಲ್ಲ.

ಕಟ್ಟುವ ಸಾಧನಗಳ ಪೈಕಿ 1985ರ ಆರ್ಕ್ ಬಹು ಬೇಗ ಹಿಂದೆ ಬಿತ್ತು. ಫಿಲ್ ಕ್ಯಾಟ್ಜ್ 1989ರಲ್ಲಿ ತಂದ ಪಿಕೆಜಿಪ್, ಹರುಯಾಸು ಯೋಶಿಜಾಕಿ ಅವರ ಎಲ್‌ಎಚ್‌ಎ, ರಾಬರ್ಟ್ ಜಂಗ್ ಅವರ ಎಆರ್‌ಜೆ ಮತ್ತು ಯುಜೀನ್ ರೋಶಾಲ್ ಅವರ ಆರ್‌ಎಆರ್, ಈ ನಾಲ್ಕರ ನಡುವೆ ನಿಜವಾದ ಆಯ್ಕೆ ಇತ್ತು.

1993ರ ಪಿಕೆಜಿಪ್ 2.04ಜಿ ಬಳಸಿದ ಡಿಫ್ಲೇಟ್ ವಿಧಾನ ಹಿಂದಿನ 32 ಕೆಬಿಯಷ್ಟು ದತ್ತಾಂಶವನ್ನು ನೆನಪಿಟ್ಟುಕೊಂಡು ಪುನರಾವರ್ತನೆಗಳನ್ನು ಹುಡುಕುತ್ತದೆ. ಎಲ್‌ಎಚ್‌ಎಯ ರೂಢಿಯ ವಿಧಾನಕ್ಕೆ ಈ ಕಿಟಕಿ, ಅಂದರೆ ಹಿಂತಿರುಗಿ ನೋಡುವ ವ್ಯಾಪ್ತಿ, 8 ಕೆಬಿ. ಹೀಗಾಗಿ ದೊಡ್ಡ ಕಡತಗಳಲ್ಲಿ ಜಿಪ್ ಮುಂದಿರುತ್ತದೆ, ಸಣ್ಣ ಕಡತಗಳಲ್ಲಿ ಇವೆರಡರ ಅಂತರ ಗಣನೆಗೆ ಬರುವುದಿಲ್ಲ. ಆದರೆ ಹಳೆಯ 1.10 ಆವೃತ್ತಿಯ ಪಿಕೆಅನ್‌ಜಿಪ್ ಇಟ್ಟುಕೊಂಡಿದ್ದವರಿಗೆ ಹೊಸ ಕಟ್ಟು ಬಿಚ್ಚಲು ಬರುತ್ತಿರಲಿಲ್ಲ. ಆದ್ದರಿಂದ ಸುಮಾರು 29 ಕೆಬಿಯ ಹೊಸ ಪಿಕೆಅನ್‌ಜಿಪ್ ಅನ್ನು ಡಿಸ್ಕ್‌ನಲ್ಲಿಯೇ ಇಡಬೇಕು, ಅಥವಾ ತಾನೇ ಬಿಚ್ಚಿಕೊಳ್ಳುವ ಕಟ್ಟು ಮಾಡಬೇಕು. ಎಲ್‌ಎಚ್‌ಎ ಗೆಲ್ಲುವುದು ಇಲ್ಲಿ: ಅದರ ಬಿಚ್ಚುವ ತುಣುಕು ಬಹಳ ಚಿಕ್ಕದು.

ಆರ್‌ಎಆರ್‌ನ ಸಾಲಿಡ್ ವಿಧಾನ ಎಲ್ಲ ಕಡತಗಳನ್ನೂ ಒಂದೇ ಹರಿವಾಗಿ ನೋಡುವುದರಿಂದ, ಒಂದನ್ನೊಂದು ಹೋಲುವ ನೂರಾರು ಸಣ್ಣ ಕಡತಗಳಿದ್ದಲ್ಲಿ ಅದರ ಮುಂದೆ ಉಳಿದ ಮೂರೂ ನಿಲ್ಲುವುದಿಲ್ಲ. ಆದರೆ ಫ್ಲಾಪಿಯಲ್ಲಿ ಒಂದು ಸೆಕ್ಟರ್ ಕೆಟ್ಟಿತೆಂದರೆ ಅಲ್ಲಿಂದ ಮುಂದಿನ ಕಡತಗಳೆಲ್ಲವೂ ಹೋದಂತೆ. ಜಿಪ್‌ನಲ್ಲಿ ಪ್ರತಿ ಕಡತವೂ ಬೇರೆಬೇರೆಯಾಗಿ ಕುಗ್ಗಿರುವುದರಿಂದ ಒಂದು ಹೋದರೂ ಉಳಿದವು ದಕ್ಕುತ್ತವೆ. ಅಂಚೆಯಲ್ಲಿ ಬಗ್ಗಿ, ಅಂಗಡಿಯಲ್ಲಿ ಬಿಸಿಲು ಕಂಡು ಬರುವ ಡಿಸ್ಕ್‌ಗೆ ನಾನು ಸಾಲಿಡ್ ಕಟ್ಟು ಹಾಕಲಾರೆ.

ಒಂದು ಡಿಸ್ಕ್ ಸಾಲದಾಗ

ಎರಡು ಡಿಸ್ಕ್ ಕೊಡಲು ಪತ್ರಿಕೆ ಒಪ್ಪಿದರೆ ಕಟ್ಟನ್ನು ಹೇಗೆ ಕತ್ತರಿಸುವುದು ಎಂಬುದು ಮುಂದಿನ ಪ್ರಶ್ನೆ. ಪಿಕೆಜಿಪ್ ತನ್ನ ವಿಷಯಸೂಚಿಯನ್ನು ಕಟ್ಟಿನ ಕೊನೆಯಲ್ಲಿ ಇಡುವುದರಿಂದ, ಬಿಚ್ಚುವಾಗ ಮೊದಲು ಕೊನೆಯ ಡಿಸ್ಕ್ ಹಾಕಿ ಎನ್ನುತ್ತದೆ, ಆಮೇಲೆ ಮೊದಲನೆಯದನ್ನು ಕೇಳುತ್ತದೆ. ಹೊಸಬರು ಇಲ್ಲಿಯೇ ದಾರಿ ತಪ್ಪುತ್ತಾರೆ. ಎಆರ್‌ಜೆ ಒಂದಾದ ಮೇಲೊಂದು ಕ್ರಮವಾಗಿ ಕೇಳುತ್ತದೆ. ಇವೆರಡರ ನಡುವೆ ಆರಿಸುವುದಾದರೆ ಎಆರ್‌ಜೆ ಎಂದು ನಾನು ಯೋಚಿಸದೆ ಹೇಳುತ್ತೇನೆ.

ಇವೆರಡಕ್ಕಿಂತ ಚೊಕ್ಕವಾದ ಮೂರನೆಯ ದಾರಿಯನ್ನು ಡೂಮ್ ಆಟದ ಉಚಿತ ಆವೃತ್ತಿಯಲ್ಲಿ ನೋಡಬಹುದು. 1.9ನೆಯ ಆವೃತ್ತಿಯ ಮುಖ್ಯ ದತ್ತಾಂಶ ಕಡತವೊಂದೇ 41,96,020 ಬೈಟ್ ಇದೆ. ಐಡಿ ಸಾಫ್ಟ್‌ವೇರ್‌ನವರು ಎಲ್ಲವನ್ನೂ ತಾನೇ ಬಿಚ್ಚಿಕೊಳ್ಳುವ ಒಂದು ಎಲ್‌ಎಚ್‌ಎ ಕಟ್ಟಾಗಿ ಕುಗ್ಗಿಸಿ, ಆ ಕಟ್ಟನ್ನು ಎರಡು ಫ್ಲಾಪಿಗೆ ಹೊಂದುವಂತೆ ಎರಡು ತುಂಡು ಮಾಡಿದರು. ಡಿಐಸ್ ಎಂಬ ತಮ್ಮದೇ ಪುಟ್ಟ ಪ್ರೋಗ್ರಾಂ ಆ ತುಂಡುಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ಜೋಡಿಸಿ, ಕಟ್ಟನ್ನು ಓಡಿಸಿ ಬಿಚ್ಚುತ್ತಿತ್ತು. ಆಟವಾಡುವವರು ಇನ್‌ಸ್ಟಾಲ್ ಎಂದು ಟೈಪ್ ಮಾಡಿ, ಕೇಳಿದಾಗ ಎರಡನೆಯ ಡಿಸ್ಕ್ ಹಾಕಿದರೆ ಮುಗಿಯಿತು. ಕಟ್ಟುವ ಸಾಧನದ ಹೆಸರನ್ನೂ ಅವರು ತಿಳಿದಿರಬೇಕಿರಲಿಲ್ಲ. ಕೊರತೆ ಎಂದರೆ ಜೋಡಿಸಿದ ಕಟ್ಟಿಗೂ ಬಿಚ್ಚಿದ ಕಡತಗಳಿಗೂ ಒಟ್ಟಿಗೆ ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಬೇಕು. ಡೂಮ್ ಓಡಿಸಬಲ್ಲ ಯಂತ್ರದಲ್ಲಿ ಅಷ್ಟು ಜಾಗ ಇದ್ದೇ ಇರುತ್ತಿತ್ತು, 20 ಎಂಬಿ ಹಾರ್ಡ್ ಡಿಸ್ಕ್‌ನ 286ಕ್ಕೆ ಈ ದಾರಿ ಹಿತವಲ್ಲ.

ಕುಗ್ಗಿಸುವ ಮೊದಲು

ಸಾಧನಗಳ ಹೋಲಿಕೆಗಿಂತ ಮೊದಲೇ ಆಗಬೇಕಾದ ಕೆಲಸ ಅನಗತ್ಯವನ್ನು ತೆಗೆಯುವುದು. ಡೀಬಗ್ ಮಾಹಿತಿ, ಯಾರೂ ಬಳಸದ ಪ್ರಿಂಟರ್ ಡ್ರೈವರ್‌ಗಳು, ಪತ್ರಿಕೆಯ ಪುಟದಲ್ಲಿಯೇ ಅಚ್ಚಾಗಲಿರುವ ಕೈಪಿಡಿ ಹೋದರೆ ಎಷ್ಟೋ ಬಾರಿ ಸಮಸ್ಯೆಯೇ ತೀರುತ್ತದೆ. ಜಿಫ್ ಚಿತ್ರಗಳು ಮೊದಲೇ ಕುಗ್ಗಿರುವುದರಿಂದ ಮತ್ತೆ ಕುಗ್ಗುವುದಿಲ್ಲ. ಅವುಗಳ ಬಣ್ಣಗಳನ್ನೋ ಅಳತೆಯನ್ನೋ ಇಳಿಸಬೇಕು. ಧ್ವನಿ ಮಾದರಿಗಳೂ ಹಾಗೆಯೇ ಮೊಂಡು.

ಇಂದು ಮಾಡುವವರಿಗೆ

ಓದುಗರು ಹಾರ್ಡ್ ಡಿಸ್ಕ್ ಇಲ್ಲದ ಡಾಸ್ ಯಂತ್ರದವರಾದರೆ ಸಾಧಾರಣ 720 ಕೆಬಿ ಡಿಸ್ಕ್ ಮತ್ತು ಒಂದೊಂದಾಗಿ ಪಿಕೆಲೈಟ್ ಮಾಡಿದ ಪ್ರೋಗ್ರಾಂಗಳು. 386ರಿಂದ ಮೇಲಿನವರಾದರೆ 1.44 ಎಂಬಿ ಡಿಸ್ಕ್‌ನಲ್ಲಿ ತಾನೇ ಬಿಚ್ಚಿಕೊಳ್ಳುವ ಎಲ್‌ಎಚ್‌ಎ ಕಟ್ಟುಗಳು, ಪ್ರತಿ ಪ್ರೋಗ್ರಾಮಿಗೂ ಬೇರೆ ಕಟ್ಟು. ಯುಎಸ್‌ಬಿ ಡ್ರೈವ್‌ನಲ್ಲಿ ಓದುವವರೂ ಇದ್ದಾರೆಂದಾದರೆ ಅದೇ ಡಿಸ್ಕ್‌ನಲ್ಲಿ ಸಾಧಾರಣ ಜಿಪ್, ಏಕೆಂದರೆ ಇಂದಿನ 64 ಬಿಟ್ ವಿಂಡೋಸ್ ಡಾಸ್‌ನ ಬಿಚ್ಚುವ ತುಣುಕನ್ನು ಓಡಿಸುವುದಿಲ್ಲ, ಜಿಪ್ ಅನ್ನಾದರೆ ತಾನೇ ತೆರೆಯುತ್ತದೆ. ಅಮಿಗಾದವರಿಗೆ ಹಳೆಯ ಕಡತ ವ್ಯವಸ್ಥೆ ಮತ್ತು ಪವರ್‌ಪ್ಯಾಕರ್; ಅಂಥ ಡಿಸ್ಕ್ ಅನ್ನು ಪಿಸಿಯಿಂದ ಬರೆಯಲು ಯುಎಸ್‌ಬಿ ಡ್ರೈವ್ ಸಾಲದು, ಫ್ಲಾಪಿ ಡ್ರೈವ್ ಅನ್ನು ಯುಎಸ್‌ಬಿಗೆ ಜೋಡಿಸುವ ಗ್ರೀಸ್‌ವೀಸಲ್‌ನಂಥ ಸರ್ಕ್ಯೂಟ್ ಹಲಗೆಯೂ ಹಳೆಯ ಆಂತರಿಕ ಡ್ರೈವೂ ಬೇಕು.

ಡಿಸ್ಕ್ ಸಿದ್ಧವಾದ ಮೇಲೆ ನಾನು ಮಾಡುವ ಪರೀಕ್ಷೆ ಇದು. ಬರೆದ ಡ್ರೈವ್‌ನಿಂದ ಹೊರತೆಗೆದು, ಮೂಲೆಯ ಪುಟ್ಟ ಕೀಲನ್ನು ಸರಿಸಿ ಬರೆಯಲಾಗದಂತೆ ಮಾಡಿ, ಬೇರೊಂದು ಯಂತ್ರಕ್ಕೆ ಹಾಕುತ್ತೇನೆ. ಅನುಸ್ಥಾಪಕವು ಡಿಸ್ಕ್ ಮೇಲೆಯೇ ತಾತ್ಕಾಲಿಕ ಕಡತ ಬರೆಯಲು ಹೋಗುವ ತಪ್ಪು ಆಗ ತಕ್ಷಣ ಸಿಕ್ಕಿಬೀಳುತ್ತದೆ. ಆಮೇಲೆ ಕೀಲನ್ನು ಹಾಗೆಯೇ ಬಿಟ್ಟು, ಈ ಪ್ರೋಗ್ರಾಂ ಹಿಂದೆಂದೂ ನೋಡಿರದ ಒಬ್ಬರ ಕೈಗೆ ಕೊಟ್ಟು, ಲೇಬಲ್ ಮೇಲಿನ ಸೂಚನೆಯನ್ನಷ್ಟೇ ಓದಿ ಓಡಿಸಲು ಹೇಳಿ, ಮಾತಾಡದೆ ಪಕ್ಕದಲ್ಲಿ ಕೂರುತ್ತೇನೆ.